ಕಿಟಕಿ, ಬೆಳಕಿಂಡಿ, ಬುಡ್ಡಿದೀಪ: ಮನೆಯೊಳಗಿನ ದೃಶ್ಯಕ್ಕೆ ಬೆಳಕು ಹಾಕುವ ಬಗೆ

ಒಂದು ಮನೆಯನ್ನು ಮುಂದಿಟ್ಟುಕೊಂಡು ಮಾತಾಡೋಣ. ಮಲೆನಾಡಿನ ಹಂಚಿನ ಮನೆ. ಮುಂದೆ ಜಗಲಿ, ನಡುವೆ ತೊಟ್ಟಿ, ಹಿಂದೆ ಅಡುಗೆಮನೆ. ಅಡುಗೆಮನೆಯ ಮಾಡಿನಲ್ಲಿ ಒಂದು ಗಾಜಿನ ಹಂಚು. ನಡುಮನೆಯ ಪಡುವಣ ಗೋಡೆಗೆ ಮರದ ಸರಳಿನ ಒಂದೇ ಕಿಟಕಿ. ಸಂಜೆ ನಾಲ್ಕು ಗಂಟೆ. ತಾಯಿ ಕಿಟಕಿಯ ಪಕ್ಕ ಕೂತು ಅಕ್ಕಿ ಆರಿಸುತ್ತಿದ್ದಾಳೆ. ಊರಿಗೆ ಬಂದಿರುವ ಮಗಳು ಏನನ್ನೋ ಹೇಳಬೇಕು, ಹೇಳಲಾಗದೆ ಬಾಗಿಲ ಬಳಿ ನಿಂತಿದ್ದಾಳೆ. ಆಮೇಲೆ ಕತ್ತಲಾಗುತ್ತದೆ, ಟ್ಯೂಬ್‌ಲೈಟು ಹಾಕುತ್ತಾರೆ, ಕರೆಂಟು ಹೋಗುತ್ತದೆ, ದೀಪ ಹಚ್ಚುತ್ತಾರೆ. ಚಿತ್ರಕಥೆಯಲ್ಲಿ ಇಷ್ಟೇ ಇದೆ. ಇಷ್ಟನ್ನು ತೆಗೆಯುವುದು ಹೇಗೆ?

ಇವತ್ತಿನ ಕ್ಯಾಮೆರಾಗಳಿಗೆ ಬಹಳ ಬೆಳಕು ಬೇಡ. ಐಎಸ್‌ಒ 800, ಲೆನ್ಸ್ ಎಫ್ 2.8, ಶಟರ್ 1/50 ಸೆಕೆಂಡ್ ಇಟ್ಟರೆ ಮುಖದ ಮೇಲೆ ಸುಮಾರು 135 ಲಕ್ಸ್ (ಲಕ್ಸ್ ಎಂದರೆ ಬೀಳುವ ಬೆಳಕಿನ ಅಳತೆ) ಬಿದ್ದರೂ ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಬೇಕಾದಷ್ಟು ಬೆಳಕು, ಸರಿಯಾಗುತ್ತದೆ. ನಡುಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸಿನ ಆಸುಪಾಸು ಇರುತ್ತದೆ ಅಂದರೆ ಈ 135 ಎಷ್ಟು ಕಡಿಮೆ ಎಂದು ನೋಡಿ. ಅದಕ್ಕೇ “ಲೈಟ್ ಯಾಕೆ, ಇರೋ ಬೆಳಕಲ್ಲೇ ತೆಗೆದುಬಿಡೋಣ” ಅನ್ನುವ ಮಾತು ಈಗ ಸೆಟ್ಟುಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ತೆಗೆಯಬಹುದು, ಚಿತ್ರವೂ ಮೂಡುತ್ತದೆ. ತೊಂದರೆ ಶುರುವಾಗುವುದು ಎರಡನೇ ಶಾಟಿನಿಂದ. ನಾಲ್ಕಕ್ಕೆ ಶುರು ಮಾಡಿದ ದೃಶ್ಯ ಮುಗಿಯುವಷ್ಟರಲ್ಲಿ ಆರಾಗಿರುತ್ತದೆ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ತಾಯಿಯ ಕ್ಲೋಸ್‌ಅಪ್ ತೆಗೆಯುವಾಗ ನೆಲದ ಮೇಲಿದ್ದ ಬಿಸಿಲ ಚೌಕ ಮಗಳ ಕ್ಲೋಸ್‌ಅಪ್ಪಿನ ಹೊತ್ತಿಗೆ ಎದುರು ಗೋಡೆ ಹತ್ತಿರುತ್ತದೆ, ಬಣ್ಣವೂ ಕೆಂಪಿಗೆ ತಿರುಗಿರುತ್ತದೆ. ಸಂಕಲನದ ಮೇಜಿನ ಮೇಲೆ ಒಂದೇ ಮಾತುಕತೆ ಎರಡು ಬೇರೆ ಹೊತ್ತಿನಲ್ಲಿ ನಡೆದಂತೆ ಕಾಣುತ್ತದೆ.

ಹಾಗಾಗಿ ದೀಪ ಹಾಕುವವರು ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಈ ಮನೆಯಲ್ಲಿ, ಈ ಹೊತ್ತಿನಲ್ಲಿ, ಬೆಳಕು ಎಲ್ಲಿಂದ ಬರುತ್ತದೆ? ನೀವು ನಿಲ್ಲಿಸುವ ಪ್ರತಿಯೊಂದು ದೀಪವೂ ಆ ಪ್ರಶ್ನೆಗೆ ಬದ್ಧವಾಗಿರಬೇಕು. ಕೀ (ಮುಖ್ಯ ದೀಪ), ಫಿಲ್ (ನೆರಳು ತುಂಬುವ ದೀಪ), ಬ್ಯಾಕ್ (ಹಿಂದಿನಿಂದ ಬೀಳುವ ದೀಪ) ಎಂದು ಮೂರು ದೀಪದ ಪಾಠ ಎಲ್ಲ ಪುಸ್ತಕದಲ್ಲೂ ಇದೆ, ಕಲಿಯಲೇಬೇಕು. ಆದರೆ ಅದನ್ನು ಸೂತ್ರದಂತೆ ಹಿಡಿದು ಎಲ್ಲ ಮನೆಗೂ ಎಲ್ಲ ಹೊತ್ತಿಗೂ ಹಾಕಿದರೆ ಸುದ್ದಿವಾಚಕರ ಸ್ಟುಡಿಯೋ ಸಿಗುತ್ತದೆ, ಮನೆ ಸಿಗುವುದಿಲ್ಲ. ತಾಯಿಯ ಹಿಂದೆ ಬರೀ ಗೋಡೆ ಇದ್ದು ಅವಳ ಕೂದಲಂಚಿಗೆ ಬೆಳ್ಳಿಗೆರೆಯಂಥ ಬ್ಯಾಕ್ ಲೈಟು ಬಿದ್ದರೆ, ಅದು ಎಲ್ಲಿಂದ ಬಂತು? ಪ್ರೇಕ್ಷಕರು ಬಾಯಿಬಿಟ್ಟು ಕೇಳದಿದ್ದರೂ ಅವರ ಕಣ್ಣಿಗೆ ಅದು ಗೊತ್ತಾಗಿರುತ್ತದೆ.

ಕೆಲಸ ಶುರುವಾಗುವುದು ಎಲ್ಲವನ್ನೂ ಆರಿಸುವುದರಿಂದ. ಮನೆಯ ದೀಪಗಳನ್ನೆಲ್ಲ ಆರಿಸಿ, ಕ್ಯಾಮೆರಾ ನಿಲ್ಲುವ ಜಾಗದಲ್ಲಿ ನಿಂತು, ತಾಯಿಯ ಜಾಗದಲ್ಲಿ ಯಾರನ್ನಾದರೂ ಕೂರಿಸಿ ನೋಡಿ. ಮಲೆನಾಡಿನ ಮನೆಯಾದರೆ ಒಂದು ವಿಷಯ ಕೂಡಲೇ ಕಣ್ಣಿಗೆ ಬೀಳುತ್ತದೆ. ಮಳೆಯ ಎರಚಲು ತಡೆಯಲೆಂದು ಸೂರನ್ನು ಬಹಳ ತಗ್ಗಿಗೆ ಇಳಿಸಿರುತ್ತಾರೆ. ನಾಲ್ಕು ಗಂಟೆಯ ಸೂರ್ಯ 30–35 ಡಿಗ್ರಿ ಎತ್ತರದಲ್ಲಿರುವಾಗ ಆ ಸೂರು ನೇರ ಬಿಸಿಲನ್ನು ಬಹುಪಾಲು ತಡೆದುಬಿಡುತ್ತದೆ. ಕಿಟಕಿಯಿಂದ ಒಳಗೆ ಬರುವ ಬೆಳಕಿನ ದೊಡ್ಡ ಪಾಲು ಅಂಗಳದ ನೆಲಕ್ಕೆ ಬಿದ್ದು, ಅಲ್ಲಿಂದ ಚಿಮ್ಮಿ, ಕೆಳಗಿನಿಂದ ಮೇಲಕ್ಕೆ ಬರುವಂಥದ್ದು. ಇದನ್ನು ಗಮನಿಸದೆ “ಸೂರ್ಯ ಮೇಲಿರುತ್ತಾನೆ” ಎಂದು ದೊಡ್ಡ ದೀಪವನ್ನು ಎರಡೂವರೆ ಮೀಟರ್ ಏರಿಸಿದರೆ ಸೂರು ಅದಕ್ಕೂ ಅಡ್ಡ ಬರುತ್ತದೆ. ಅರ್ಧ ಗಂಟೆ ಸ್ಟ್ಯಾಂಡು ಏರಿಸಿ ಇಳಿಸಿ ಕಳೆದುಹೋಗುತ್ತದೆ.

ಅಲ್ಲಿ ಸರಿಯಾದ ದಾರಿ ಅಂಗಳವನ್ನೇ ದೀಪವಾಗಿ ಮಾಡಿಕೊಳ್ಳುವುದು. ಕಿಟಕಿಯ ಹೊರಗೆ ನೆಲಕ್ಕೆ ಬಿಳಿ ಬಟ್ಟೆ ಹಾಸಿ, ಇಲ್ಲವೇ ನಾಲ್ಕು ಥರ್ಮಾಕೋಲ್ ಹಾಳೆ ಜೋಡಿಸಿ, ಹಗಲಿನ ಬಣ್ಣದ ಬೆಳಕು ಕೊಡುವ 1.2 ಕಿಲೋವಾಟಿನ ಎಚ್‌ಎಂಐ ಅಥವಾ 600 ವಾಟಿನ ಡೇಲೈಟ್ ಎಲ್‌ಇಡಿಯನ್ನು ಅದರ ಮೇಲೆ ಹೊಡೆಯಿರಿ. ಬೆಳಕು ಕಿಟಕಿಯಲ್ಲಿ ಮೇಲ್ಮುಖವಾಗಿ ನುಗ್ಗಿ ಅಟ್ಟದ ಹಲಗೆಗೆ ತಾಗುತ್ತದೆ, ಅಲ್ಲಿಂದ ಮೆತ್ತಗೆ ಕೋಣೆಗಿಳಿಯುತ್ತದೆ. ಬಟ್ಟೆ ಅಚ್ಚ ಬಿಳಿ ಇರಲೇಬೇಕೆಂದಿಲ್ಲ. ಕೆಮ್ಮಣ್ಣಿನ ಅಂಗಳವಾದರೆ ತುಸು ಕಂದು ಬಣ್ಣದ ಕಾಟನ್ ಬಟ್ಟೆ ಇನ್ನೂ ಚೆನ್ನಾಗಿ ಹೊಂದುತ್ತದೆ.

ಸೂರು ಎತ್ತರವಿದ್ದು ನೇರ ಬಿಸಿಲೇ ಬೇಕೆಂದಾದರೆ ದೀಪ ಹೊರಗೆ ನಿಲ್ಲುತ್ತದೆ. ಆಗ ಬರುವ ಪ್ರಶ್ನೆ ದೂರದ್ದು. ದೀಪದಿಂದ ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಅಂದರೆ ಎರಡು ಸ್ಟಾಪ್ (ಬೆಳಕು ಅರ್ಧವಾದರೆ ಒಂದು ಸ್ಟಾಪ್). ಈ ನಿಯಮ ಎಲ್ಲರಿಗೂ ಬಾಯಿಪಾಠ, ಸೆಟ್ಟಿನಲ್ಲಿ ಬಳಸುವವರು ಕಡಿಮೆ. ನಮ್ಮ ದೃಶ್ಯಕ್ಕೇ ಹಾಕಿ ನೋಡೋಣ. ತಾಯಿ ಕಿಟಕಿಯಿಂದ 1 ಮೀಟರ್, ಮಗಳು 2 ಮೀಟರ್ ಒಳಗೆ. ದೀಪವನ್ನು ಕಿಟಕಿಯಿಂದ ಒಂದೇ ಮೀಟರ್ ಆಚೆ ಇಟ್ಟರೆ ತಾಯಿಗೆ 2 ಮೀಟರ್, ಮಗಳಿಗೆ 3 ಮೀಟರ್. ಮಗಳ ಮೇಲೆ ಒಂದು ಸ್ಟಾಪಿಗಿಂತ ಹೆಚ್ಚು ಕಡಿಮೆ ಬೆಳಕು. ಅದೇ ದೀಪವನ್ನು 4 ಮೀಟರ್ ಆಚೆ ಒಯ್ದರೆ ತಾಯಿಗೆ 5, ಮಗಳಿಗೆ 6. ವ್ಯತ್ಯಾಸ ಅರ್ಧ ಸ್ಟಾಪಿಗೆ ಇಳಿಯಿತು. ನಿಜವಾದ ಸೂರ್ಯ 15 ಕೋಟಿ ಕಿಲೋಮೀಟರ್ ದೂರ ಇರುವುದರಿಂದ ಕೋಣೆಯ ಈ ತುದಿಗೂ ಆ ತುದಿಗೂ ಬಿಸಿಲಿನಲ್ಲಿ ವ್ಯತ್ಯಾಸವೇ ಇರುವುದಿಲ್ಲ. ಬಿಸಿಲಾಗಿ ನಟಿಸಬೇಕಾದ ದೀಪ ಆದಷ್ಟೂ ದೂರ ನಿಲ್ಲಬೇಕು ಎನ್ನುವುದು ಇದಕ್ಕೇ. ಕಿಟಕಿಯ ಸರಳಿನ ನೆರಳುಗಳನ್ನೂ ನೋಡಿ: ದೀಪ ಹತ್ತಿರವಿದ್ದರೆ ನೆರಳುಗಳು ಬೀಸಣಿಗೆಯಂತೆ ಅಗಲವಾಗುತ್ತಾ ಹೋಗುತ್ತವೆ, ದೂರವಿದ್ದರೆ ಸಮಾನಾಂತರವಾಗಿ ಬೀಳುತ್ತವೆ. ಎಷ್ಟೋ ಧಾರಾವಾಹಿಗಳ “ಬೆಳಗಿನ ಬಿಸಿಲು” ಸುಳ್ಳೆಂದು ಗೊತ್ತಾಗುವುದು ಆ ನೆರಳಿನಿಂದಲೇ.

ಇದೇ ನಿಯಮವನ್ನು ತಿರುಗಿಸಿಯೂ ಬಳಸಬಹುದು. ಹಿಂದಿನ ಗೋಡೆ ಕತ್ತಲಾಗಬೇಕು, ಮುಖ ಮಾತ್ರ ಬೆಳಗಬೇಕು ಅಂದರೆ ದೀಪವನ್ನು ಮುಖಕ್ಕೆ ಹತ್ತಿರ ತನ್ನಿ. ಮುಖದಿಂದ 1 ಮೀಟರ್, ಗೋಡೆ ಅಲ್ಲಿಂದ ಇನ್ನೆರಡು ಮೀಟರ್ ಹಿಂದೆ ಅಂತಿಟ್ಟುಕೊಳ್ಳಿ. ಗೋಡೆಗೆ ಬೀಳುವುದು ಒಂಬತ್ತನೇ ಒಂದು ಭಾಗ, ಮೂರು ಸ್ಟಾಪಿಗಿಂತ ಕೆಳಗೆ. ದೀಪವನ್ನು 4 ಮೀಟರಿಗೆ ಒಯ್ದು ಅಷ್ಟೇ ಎಕ್ಸ್‌ಪೋಷರ್ ಮಾಡಿಕೊಂಡರೆ ಅದೇ ಗೋಡೆ ಒಂದು ಸ್ಟಾಪ್ ಚಿಲ್ಲರೆ ಮಾತ್ರ ಕೆಳಗಿರುತ್ತದೆ. ಗೋಡೆಗೆ ಬಣ್ಣ ಹಚ್ಚದೆ, ಕಟ್ಟರ್ (ಬೆಳಕಿಗೆ ಅಡ್ಡ ಹಿಡಿಯುವ ಕಪ್ಪು ಹಲಗೆ) ಹಾಕದೆ, ಬರೀ ಸ್ಟ್ಯಾಂಡು ಸರಿಸಿ ಗೋಡೆಯನ್ನು ಕತ್ತಲು ಮಾಡಿದಿರಿ.

ಇನ್ನು ಮೆತ್ತನೆಯ ಬೆಳಕಿನ ವಿಷಯ. ಮೆತ್ತಗೋ ಗಡುಸೋ ಎನ್ನುವುದನ್ನು ತೀರ್ಮಾನಿಸುವುದು ಮುಖದ ಜಾಗದಿಂದ ನೋಡಿದಾಗ ಬೆಳಕಿನ ಮೂಲ ಎಷ್ಟು ದೊಡ್ಡದಾಗಿ ಕಾಣುತ್ತದೆ ಎನ್ನುವುದು, ದೀಪದ ವಾಟ್ ಅಲ್ಲ. ಸೂರ್ಯ ಅಷ್ಟು ದೊಡ್ಡವನಾದರೂ ಇಲ್ಲಿಂದ ಕಾಣುವುದು ಚಿಕ್ಕ ಬಿಲ್ಲೆ, ಅದಕ್ಕೇ ಬಿಸಿಲಿನ ನೆರಳು ಚೂಪು. ಅದೇ ಸೂರ್ಯನ ಮುಂದೆ ಮೋಡ ಬಂದರೆ ಆಕಾಶವೆಲ್ಲ ದೀಪವಾಗುತ್ತದೆ, ನೆರಳು ಕರಗುತ್ತದೆ. ಮೀಟರ್ ಅಗಲದ ಬಟರ್ ಪೇಪರ್ ಫ್ರೇಮು ಮುಖದಿಂದ ಒಂದು ಮೀಟರಿನಲ್ಲಿದ್ದಾಗ ಮೆತ್ತಗಿರುತ್ತದೆ, ಮೂರು ಮೀಟರಿಗೆ ಹೋದಾಗ ಅರೆಗಡುಸಾಗುತ್ತದೆ. ವೈಡ್ ಶಾಟಿಗಾಗಿ ಫ್ರೇಮನ್ನು ಹಿಂದೆ ಸರಿಸಿ, ಆಮೇಲೆ ಕ್ಲೋಸ್‌ಅಪ್ಪಿಗೂ ಅಲ್ಲೇ ಬಿಟ್ಟುಬಿಡುವುದು ಬಹಳ ಸಾಮಾನ್ಯ. ಕ್ಲೋಸ್‌ಅಪ್ಪಿಗೆ ಫ್ರೇಮನ್ನು ಮುಂದೆ ತನ್ನಿ, ದೀಪವನ್ನು ಡಿಮ್ ಮಾಡಿ, ದಿಕ್ಕು ಮಾತ್ರ ಬದಲಾಗದಂತೆ ನೋಡಿಕೊಳ್ಳಿ.

ಬಟರ್ ಪೇಪರನ್ನು ಕಿಟಕಿಗೇ ಅಂಟಿಸಿದಾಗ ಇನ್ನೊಂದು ಬದಲಾವಣೆ ಆಗುತ್ತದೆ, ಎಚ್ಚರವಿರಲಿ. ಆ ಕ್ಷಣದಿಂದ ಕಿಟಕಿಯೇ ದೀಪ. ಹೊರಗಿನ ಎಚ್‌ಎಂಐ ಎಷ್ಟು ದೂರದಲ್ಲಿದೆ ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ದೂರ ಅಳೆಯಬೇಕಾದದ್ದು ಕಿಟಕಿಯಿಂದ. ಹಿಂದೆ ಹೇಳಿದ ಅರ್ಧ ಸ್ಟಾಪಿನ ವ್ಯತ್ಯಾಸ ಮತ್ತೆ ಹೆಚ್ಚುತ್ತದೆ, ಮಗಳು ಕತ್ತಲಾಗುತ್ತಾಳೆ. ಅವಳು ಏನನ್ನೋ ಮುಚ್ಚಿಟ್ಟುಕೊಂಡು ನಿಂತಿದ್ದಾಳಲ್ಲ, ಈ ದೃಶ್ಯಕ್ಕೆ ಅದು ಒಪ್ಪುತ್ತದೆ ಎಂದು ನನಗನಿಸುತ್ತದೆ. ಆದರೆ ಅದು ನೀವು ಬೇಕೆಂದು ಮಾಡಿದ ಕತ್ತಲಾಗಿರಬೇಕು.

ತೊಟ್ಟಿಯ ಬೆಳಕಿಗೆ ಬರೋಣ. ಇದಕ್ಕೆ ಭಾರತೀಯ ಸಿನಿಮಾದಲ್ಲೇ ಒಂದು ದೊಡ್ಡ ಪಾಠವಿದೆ. ಸತ್ಯಜಿತ್ ರಾಯ್ ಅವರ 1956ರ ‘ಅಪರಾಜಿತೋ’ಗೆ ಕಾಶಿಯ ಮನೆಯೊಂದರ ಒಳಅಂಗಳ ಬೇಕಿತ್ತು. ಬಯಲಿನಲ್ಲಿ ಕಟ್ಟಬೇಕೆಂದಿದ್ದ ಆ ಸೆಟ್ಟನ್ನು ಮಳೆಯ ಭಯದಿಂದ ಕಲಾನಿರ್ದೇಶಕ ಬನ್ಸಿ ಚಂದ್ರಗುಪ್ತ ಕಲ್ಕತ್ತದ ಸ್ಟುಡಿಯೋದೊಳಗೆ ಕಟ್ಟಬೇಕಾಯಿತು. ಅಂಥ ಅಂಗಳಕ್ಕೆ ಬೆಳಕು ಬರುವುದು ಮೇಲಿನ ಆಕಾಶದ ತುಂಡಿನಿಂದ. ಅದಕ್ಕೆ ನೆರಳಿಲ್ಲ, ದಿಕ್ಕು ಮಾತ್ರ ಇದೆ. ಸ್ಟುಡಿಯೋದ ಗಡುಸು ದೀಪಗಳಿಂದ ಅದು ಬರುವುದಿಲ್ಲ. ಛಾಯಾಗ್ರಾಹಕ ಸುಬ್ರತ ಮಿತ್ರ ಸೆಟ್ಟಿನ ಮೇಲೆ ಆಕಾಶದ ಜಾಗದಲ್ಲಿ ಚೌಕಟ್ಟಿಗೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ಕೆಳಗಿಟ್ಟು ಮೇಲ್ಮುಖವಾಗಿ ತಿರುಗಿಸಿದರು. ಬಟ್ಟೆಗೆ ತಾಗಿ ಮರಳಿ ಬಂದ ಬೆಳಕಿನಲ್ಲಿ ಆ ಅಂಗಳ ನಿಜವಾದ ಅಂಗಳವಾಯಿತು. ಇವತ್ತು ಬೌನ್ಸ್ ಎಂದು ಕರೆದು ದಿನನಿತ್ಯ ಬಳಸುವ ವಿಧಾನ ಅಂದು ಅವರಿಗೆ ಹೊಳೆದದ್ದು ಈ ಪ್ರಶ್ನೆಯಿಂದ: ಇಲ್ಲಿ ಬೆಳಕು ಎಲ್ಲಿಂದ ಬರುತ್ತದೆ?

ನಮ್ಮ ತೊಟ್ಟಿಮನೆಯಲ್ಲಿ ಆಕಾಶ ನಿಜವಾಗಿಯೇ ಇದೆ. ಅದು ಮೋಡ ಬಂದಂತೆ ಹೋದಂತೆ ಬದಲಾಗುತ್ತಲೇ ಇರುತ್ತದೆ ಎನ್ನುವುದೇ ಸಮಸ್ಯೆ. ತೊಟ್ಟಿಯ ಬಾಯಿಗೆ ತೆಳು ಬಿಳಿ ಬಟ್ಟೆಯ ಸ್ಕಿಮ್ಮರ್ ಕಟ್ಟಿದರೆ ಮೇಲಿನ ಬಿಸಿಲು ಹರಡಿ ಇಳಿಯುತ್ತದೆ, ಮೋಡ ಬಂದಾಗ ಕೆಳಗಿನಿಂದ ಅದೇ ಬಟ್ಟೆಗೆ ದೀಪ ಹೊಡೆದು ಸರಿದೂಗಿಸಬಹುದು. ಬಟ್ಟೆಯನ್ನು ನಾಲ್ಕೂ ಮೂಲೆಗೆ ಹಗ್ಗದಿಂದ ಬಿಗಿಯಿರಿ, ನಡುವೆ ಇಳಿಬೀಳಬಾರದು. ಗಾಳಿಗೆ ಪಟಪಟ ಅಂದರೆ ಬೆಳಕು ಅಲುಗಾಡುವುದಲ್ಲದೆ ಸೌಂಡ್ ರೆಕಾರ್ಡಿಸ್ಟ್ ಶಾಟನ್ನೇ ತಿರಸ್ಕರಿಸುತ್ತಾರೆ.

ಹೀಗೆ ಬೆಳಕು ತಂದಮೇಲೆ ಕಳೆಯುವ ಕೆಲಸ ಇದೆ. ನಮ್ಮಲ್ಲಿ ಎಲ್ಲರೂ ತಪ್ಪುವುದು ಇಲ್ಲೇ ಎಂದು ಧೈರ್ಯವಾಗಿ ಹೇಳುತ್ತೇನೆ. ಶೂಟಿಂಗಿಗೆ ಸಿಗುವ ಮನೆಗಳ ಗೋಡೆ ಹೆಚ್ಚಾಗಿ ಬಿಳಿ ಅಥವಾ ಕೆನೆಬಣ್ಣ. ಕಿಟಕಿಯ ಬೆಳಕು ಎದುರು ಗೋಡೆಗೆ ಬಡಿದು ಮುಖದ ಇನ್ನೊಂದು ಪಕ್ಕವನ್ನೂ ತುಂಬಿಬಿಡುತ್ತದೆ. ಮುಖ ಚಪ್ಪಟೆ. ಆಗ ಇನ್ನೊಂದು ದೀಪ ತರಲು ಹೊರಡಬೇಡಿ. ನೆರಳಿನ ಪಕ್ಕಕ್ಕೆ, ಫ್ರೇಮಿಗೆ ಸ್ವಲ್ಪವೇ ಹೊರಗೆ, ಕಪ್ಪು ಬಟ್ಟೆ ನಿಲ್ಲಿಸಿ. ಮುಖದಿಂದ ಎರಡು ಮೂರು ಅಡಿ ದೂರದಲ್ಲಿದ್ದರೆ ಒಂದು ಸ್ಟಾಪಿನಷ್ಟು ನೆರಳು ಕೂಡಲೇ ಇಳಿಯುವುದನ್ನು ಮಾನಿಟರಿನಲ್ಲೇ ಕಾಣುತ್ತೀರಿ. ಬೆಳಕಿನ ಪಕ್ಕಕ್ಕೂ ನೆರಳಿನ ಪಕ್ಕಕ್ಕೂ ಒಂದು ಸ್ಟಾಪ್ ಅಂತರವಿದ್ದರೆ 2:1, ಎರಡಾದರೆ 4:1, ಮೂರಾದರೆ 8:1. ಸಲೀಸು ಮಾತುಕತೆಗೆ 2:1 ಸಾಕು. ಈ ತಾಯಿ ಮಗಳಿಗೆ ನಾನು 4:1ರಿಂದ ಶುರು ಮಾಡುತ್ತೇನೆ. ಅಳೆಯುವುದು ಲೈಟ್ ಮೀಟರಿನಿಂದ, ಇಲ್ಲವೇ ಬೆಳಕಿನ ಮಟ್ಟ ತೋರಿಸುವ ಕ್ಯಾಮೆರಾದ ಫಾಲ್ಸ್ ಕಲರ್ ಅಥವಾ ವೇವ್‌ಫಾರ್ಮಿನಿಂದ. ಮಾನಿಟರಿನ ಪರದೆ ನಂಬಬೇಡಿ. ಕತ್ತಲ ಕೋಣೆಯಲ್ಲಿ ಅದು ಇರುವುದಕ್ಕಿಂತ ಪ್ರಕಾಶವಾಗಿ, ಹೊರಗೆ ಬಿಸಿಲಿನಲ್ಲಿ ಮಂಕಾಗಿ ಕಾಣುತ್ತದೆ.

ಮುಖ ಎಂದಮೇಲೆ ಮೈಬಣ್ಣದ ಮಾತು ಬಿಡುವಂತಿಲ್ಲ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಎಕ್ಸ್‌ಪೋಷರಿನ ಹಳೆಯ ಪಾಠಗಳಲ್ಲಿ ಚರ್ಮವನ್ನು ನಡು ಬೂದುಬಣ್ಣಕ್ಕಿಂತ ಒಂದು ಸ್ಟಾಪ್ ಮೇಲೆ ಇಡಿ ಎಂದಿರುತ್ತದೆ. ಅದು ಬಿಳಿಯರ ಚರ್ಮಕ್ಕೆ ಹಾಕಿದ ಲೆಕ್ಕ. ನಮ್ಮಲ್ಲಿ ಬಹಳ ಮುಖಗಳು ನಡು ಬೂದುಬಣ್ಣದ ಆಸುಪಾಸಿನಲ್ಲಿರುತ್ತವೆ, ಎಣ್ಣೆಗಪ್ಪು ಮುಖಗಳು ಅದಕ್ಕಿಂತ ಒಂದು ಸ್ಟಾಪೋ ಹೆಚ್ಚೋ ಕೆಳಗಿರುತ್ತವೆ. ಆ ಮುಖವನ್ನು ಪಾಠದ ಲೆಕ್ಕಕ್ಕೆ ಏರಿಸಿದರೆ ಹಿಂದಿನ ಗೋಡೆ, ಬಿಳಿ ಪಂಚೆ, ಕಿಟಕಿ ಎಲ್ಲ ವಿವರವಿಲ್ಲದ ಬಿಳಿಯಾಗಿ ಸುಟ್ಟುಹೋಗುತ್ತವೆ, ಮುಖವೂ ತನ್ನ ಬಣ್ಣ ಕಳೆದುಕೊಂಡು ಬೂದಿ ಬಡಿದಂತಾಗುತ್ತದೆ. ಕಪ್ಪು ಮುಖವನ್ನು ಬೆಳ್ಳಗೆ ಮಾಡುವುದಕ್ಕೆ ದೀಪ ಬಳಸುವ ಚಾಳಿ ನಮ್ಮ ಉದ್ಯಮಕ್ಕೆ ಅಂಟಿದ ದೊಡ್ಡ ಕಾಯಿಲೆ. ಅದು ಕೌಶಲವೂ ಅಲ್ಲ, ನ್ಯಾಯವೂ ಅಲ್ಲ.

ಮಾಡಬೇಕಾದದ್ದು ಬೇರೆ. ಗಾಢ ಬಣ್ಣದ ಚರ್ಮದಲ್ಲಿ ಮುಖದ ಆಕಾರ ಕಾಣುವುದು ಹೆಚ್ಚಾಗಿ ಅದರ ಮೇಲಿನ ಹೊಳಪಿನಿಂದ. ಹೊಳಪೆಂದರೆ ದೀಪದ ಪ್ರತಿಬಿಂಬ. ಆದ್ದರಿಂದ ದೊಡ್ಡ, ಅಗಲವಾದ ಮೂಲವನ್ನು ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ ಇಡಿ. ಕೆನ್ನೆಮೂಳೆ, ಹಣೆ, ಮೂಗಿನ ಅಂಚಿನಲ್ಲಿ ಅಗಲವಾದ ಹೊಳಪು ಹರಿಯುತ್ತದೆ. ಚಿಕ್ಕ ದೀಪವಾದರೆ ಅದೇ ಜಾಗದಲ್ಲಿ ಚುಕ್ಕೆ ಚುಕ್ಕೆ ಬಿಳಿ ಮಿಂಚು ಕಾಣುತ್ತದೆ. ಮೇಕಪ್ಪಿನವರಿಗೆ ಪೌಡರಿನಿಂದ ಹೊಳಪನ್ನೆಲ್ಲ ಒರೆಸಬೇಡಿ ಎಂದು ಮೊದಲೇ ತಿಳಿಸಿ. ತಾಯಿ ಕಪ್ಪು, ಮಗಳು ಬಿಳಿಚು, ಇಬ್ಬರೂ ಒಂದೇ ಫ್ರೇಮಿನಲ್ಲಿ ಎಂದಾದರೆ ತಾಯಿಯನ್ನು ಕಿಟಕಿಯ ಕಡೆ ಕೂರಿಸಿ. ಅದಾಗದಿದ್ದರೆ ಮಗಳ ಕಡೆ ಹೋಗುವ ಬೆಳಕಿಗೆ ನೆಟ್ (ಬೆಳಕು ತಗ್ಗಿಸುವ ಬಲೆ) ಹಿಡಿಯಿರಿ. ಸಿಂಗಲ್ ನೆಟ್ ಅರ್ಧ ಸ್ಟಾಪ್, ಡಬಲ್ ಒಂದು ಸ್ಟಾಪ್ ಕಳೆಯುತ್ತದೆ. ಅವರಿಬ್ಬರನ್ನೂ ಒಂದೇ ಬಣ್ಣಕ್ಕೆ ತರುವ ಉದ್ದೇಶ ಬೇಡ. ಇಬ್ಬರ ಮುಖದಲ್ಲೂ ವಿವರ ಉಳಿಯಬೇಕು, ಅಷ್ಟೇ.

ಮೆತ್ತನೆ ಬೆಳಕನ್ನು ಇಷ್ಟು ಹೊಗಳಿದ ಮೇಲೆ ಗಡುಸು ಬೆಳಕಿನ ಪರವಾಗಿ ಮಾತಾಡದಿದ್ದರೆ ತಪ್ಪಾಗುತ್ತದೆ. ಅದರಲ್ಲೂ ಕನ್ನಡಿಗರು. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋದ ವಿ.ಕೆ. ಮೂರ್ತಿಯವರು ಗುರುದತ್ ಅವರ 1959ರ ‘ಕಾಗಜ್ ಕೆ ಫೂಲ್’ನಲ್ಲಿ ತೆಗೆದ ಆ ಬೆಳಕಿನ ಕೋಲನ್ನು ನೀವು ನೋಡಿರುತ್ತೀರಿ. ಖಾಲಿ ಸ್ಟುಡಿಯೋ, ಮೇಲಿನಿಂದ ಇಳಿಯುವ ಒಂದೇ ಒಂದು ದಪ್ಪ ಕಿರಣ, ಅದರ ಆಚೀಚೆ ಇಬ್ಬರು. ಸ್ಟುಡಿಯೋದ ಎಷ್ಟು ದೊಡ್ಡ ದೀಪ ತಂದರೂ ಅದರ ಕಿರಣ ಮುಂದೆ ಹೋದಂತೆ ಅಗಲವಾಗುತ್ತದೆ, ಯಾಕೆಂದರೆ ದೀಪ ಹತ್ತಿರದಲ್ಲಿದೆ. ಮೂರ್ತಿಯವರು ಎರಡು ದೊಡ್ಡ ಕನ್ನಡಿ ಹಿಡಿದು ಹೊರಗಿನ ಬಿಸಿಲನ್ನೇ ಒಳಕ್ಕೆ ತಿರುಗಿಸಿದರು. ಸೂರ್ಯನ ಕಿರಣ ಸಮಾನಾಂತರ, ಕನ್ನಡಿ ಅದನ್ನು ಹಾಗೆಯೇ ಉಳಿಸುತ್ತದೆ. ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ.

ಈ ಉಪಾಯಕ್ಕೆ ಇವತ್ತೂ ಹೆಚ್ಚು ಖರ್ಚಿಲ್ಲ, ನಮ್ಮ ಅಡುಗೆಮನೆಯ ಬೆಳಕಿಂಡಿಗೆ ಹೇಳಿ ಮಾಡಿಸಿದಂತಿದೆ. ಗಾಜಿನ ಹಂಚಿನಿಂದ ಇಳಿಯುವ ಬಿಸಿಲು ಒಲೆಯ ಹೊಗೆಯಲ್ಲಿ ಕೋಲಾಗಿ ಕಾಣುತ್ತದೆ, ಆದರೆ ಬೇಕಾದ ಹೊತ್ತಿಗೆ ಬೇಕಾದ ಜಾಗದಲ್ಲಿ ಇರುವುದಿಲ್ಲ. ನಾಲ್ಕಡಿ ಮೂರಡಿಯ ಕನ್ನಡಿಯನ್ನು ಪ್ಲೈವುಡ್ಡಿಗೆ ಗಟ್ಟಿಯಾಗಿ ಕೂರಿಸಿ, ಬಿಸಿಲು ಸಿಗುವ ಕಡೆ ಒಂದು, ಮಾಡಿನ ಮಟ್ಟಕ್ಕೆ ಕಟ್ಟಿದ ಅಟ್ಟಣಿಗೆಯ ಮೇಲೆ ಒಂದು ಇಡಿ. ಎರಡನೆಯದು ಗಾಜಿನ ಹಂಚಿನ ಕಡೆ ಬಾಗಿರಲಿ. ಮೊದಲ ಕನ್ನಡಿಯ ಹತ್ತಿರ ಒಬ್ಬರು ನಿಂತೇ ಇರಬೇಕು. ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ, ಹದಿನೈದು ಮೀಟರ್ ದೂರ ಹಾಯಿಸಿದ ಕಿರಣ ಅಷ್ಟರಲ್ಲಿ ಸುಮಾರು 26 ಸೆಂಟಿಮೀಟರ್ ಜರುಗಿಬಿಡುತ್ತದೆ. ಕಿರಣ ಕಾಣಬೇಕಾದರೆ ಗಾಳಿಯಲ್ಲಿ ಹೊಗೆ ಬೇಕು, ಕ್ಯಾಮೆರಾ ಕಿರಣದ ಎದುರು ಪಕ್ಕದಲ್ಲಿರಬೇಕು. ಬೆಳಕು ಬರುವ ಕಡೆಯೇ ನಿಂತು ನೋಡಿದರೆ ಹೊಗೆ ಕಾಣದು, ಹಿಂದಿನ ಗೋಡೆ ಕತ್ತಲಾಗಿರದಿದ್ದರೂ ಕಾಣದು. ಹೊಗೆ ಹಾಕಿದ ಕೂಡಲೇ ತೆಗೆಯಬೇಡಿ, ಅದು ಮುದ್ದೆಮುದ್ದೆಯಾಗಿರುತ್ತದೆ. ಹರಡಿ ಸಮವಾಗುವವರೆಗೆ ಕಾಯಿರಿ, ಎಲ್ಲ ಶಾಟಿಗೂ ಅದೇ ಮಟ್ಟ ಇಡಿ. ನಟರ ಕಣ್ಣಿಗೆ ಕನ್ನಡಿಯ ಬಿಸಿಲು ನೇರ ಬೀಳದಂತೆ ರಿಹರ್ಸಲಿನಲ್ಲೇ ಜಾಗ ಗುರುತು ಮಾಡಿ.

ಈಗ ಟ್ಯೂಬ್‌ಲೈಟು. ನಮ್ಮ ಮನೆಗಳ ರಾತ್ರಿ ಎಂದರೆ ಗೋಡೆಯ ಮೇಲ್ತುದಿಯ ಒಂದು ನಾಲ್ಕಡಿ ಟ್ಯೂಬು, ಅದನ್ನು ಚಂದ ಕಾಣಿಸುವುದಿಲ್ಲವೆಂದು ದೂರವಿಟ್ಟರೆ ನಮ್ಮ ಬದುಕಿನ ಅರ್ಧವೇ ಸಿನಿಮಾಕ್ಕೆ ಬರುವುದಿಲ್ಲ. ಅದರ ತೊಂದರೆಗಳನ್ನು ತಿಳಿದು ಬಳಸೋಣ. ಮೊದಲನೆಯದು ಮಿಣುಕು. ನಮ್ಮ ವಿದ್ಯುತ್ತು 50 ಹರ್ಟ್ಸ್, ಹಳೆಯ ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಸೆಕೆಂಡಿಗೆ 24 ಫ್ರೇಮಿನಲ್ಲಿ 180 ಡಿಗ್ರಿ ಶಟರ್ (ಪ್ರತಿ ಫ್ರೇಮಿನ ಅರ್ಧ ಹೊತ್ತು ತೆರೆದಿರುವಂತೆ) ಇಟ್ಟರೆ ಅದು 1/48 ಸೆಕೆಂಡ್, ಈ ಏರಿಳಿತಕ್ಕೆ ತಾಳೆಯಾಗುವುದಿಲ್ಲ. ಚಿತ್ರ ಉಸಿರಾಡಿದಂತೆ ಮಂಕಾಗಿ ಬೆಳಗುತ್ತದೆ, ಕೆಲವೊಮ್ಮೆ ಪಟ್ಟಿಗಳು ಉರುಳುತ್ತವೆ. ಶಟರನ್ನು 172.8 ಡಿಗ್ರಿಗೆ ಇಳಿಸಿ, ಸರಿಯಾಗಿ 1/50 ಆಗುತ್ತದೆ. 25 ಫ್ರೇಮಿನಲ್ಲಿ ತೆಗೆಯುವವರಿಗೆ 180 ಡಿಗ್ರಿಯೇ 1/50. ಅಗ್ಗದ ಎಲ್‌ಇಡಿ ಬಲ್ಬುಗಳನ್ನು ಡಿಮ್ ಮಾಡಿದಾಗ ಈ ಉಪಾಯ ನಡೆಯದೇ ಇರಬಹುದು, ಅವುಗಳ ಡಿಮ್ಮರ್ ತನ್ನದೇ ವೇಗದಲ್ಲಿ ಬೆಳಕನ್ನು ಕತ್ತರಿಸುತ್ತಿರುತ್ತದೆ. ಶೂಟಿಂಗಿಗೆ ಮುಂಚೆ ಪ್ರತಿಯೊಂದನ್ನೂ ಕ್ಯಾಮೆರಾದಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ ನೋಡಿ.

ಎರಡನೆಯದು ಬಣ್ಣ. ಟ್ಯೂಬು ಸುಮಾರು 6500 ಕೆಲ್ವಿನ್, ಜತೆಗೆ ತುಸು ಹಸಿರು. ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಏರಿದಷ್ಟೂ ನೀಲಿ, ಇಳಿದಷ್ಟೂ ಕಿತ್ತಳೆ. ಪಕ್ಕದಲ್ಲಿ 3200 ಕೆಲ್ವಿನಿನ ಟಂಗ್‌ಸ್ಟನ್ ದೀಪ ಇಟ್ಟರೆ ಮುಖ ಒಂದು ಕಡೆ ಕಿತ್ತಳೆ, ಇನ್ನೊಂದು ಕಡೆ ಹಸಿರು. ಟಂಗ್‌ಸ್ಟನ್ನಿಗೆ ಫುಲ್ ಸಿಟಿಬಿ ಜೆಲ್ (ದೀಪದ ಮುಂದಿಡುವ ನೀಲಿ ಹಾಳೆ) ಹಾಕಿ ನೀಲಿಗೆ ತರಬಹುದು, ಆದರೆ ಒಂದೂವರೆ ಸ್ಟಾಪ್ ಬೆಳಕು ಜೆಲ್ಲಿಗೇ ಹೋಗುತ್ತದೆ. ನನ್ನ ಸಲಹೆ ಆ ಮನೆಯ ಟ್ಯೂಬನ್ನೇ ತೆಗೆದು, ಅದೇ ಪಟ್ಟಿಗೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎನ್ನುವ ಅಳತೆ) 95ಕ್ಕಿಂತ ಮೇಲಿರುವ ಟ್ಯೂಬು ಹಾಕುವುದು. ಮೂರನೆಯದು, ಫ್ರೇಮಿನೊಳಗೆ ಟ್ಯೂಬು ಕಂಡರೆ ಅದು ಬಿಳಿ ಗೆರೆಯಾಗಿ ಸುಟ್ಟಿರುತ್ತದೆ. ಬಣ್ಣ ಬದಲಿಸದೆ ಬೆಳಕು ಇಳಿಸುವ ಎನ್‌ಡಿ 0.6 ಜೆಲ್ಲಿನ ಉದ್ದ ಪಟ್ಟಿ ಕತ್ತರಿಸಿ ಟ್ಯೂಬಿನ ಕ್ಯಾಮೆರಾಕ್ಕೆ ಕಾಣುವ ಮೈಗೆ ಮಾತ್ರ ಸುತ್ತಿ. ಕ್ಯಾಮೆರಾಕ್ಕೆ ಟ್ಯೂಬು ಎರಡು ಸ್ಟಾಪ್ ಮಂಕು, ನಟರ ಮೇಲೆ ಬೀಳುವ ಬೆಳಕು ಅಷ್ಟೇ.

ಕರೆಂಟು ಹೋಯಿತು. ಬುಡ್ಡಿದೀಪ ಬಂತು. ಜ್ವಾಲೆ ಸುಮಾರು 1900 ಕೆಲ್ವಿನ್, ಬೆಳಕು ಬಹಳ ಕಡಿಮೆ. ದೀಪವನ್ನು ಫ್ರೇಮಿನಲ್ಲಿ ಉಳಿಸಿಕೊಂಡು ಕೆಲಸ ಮಾಡುವ ಬೆಳಕನ್ನು ಬೇರೆ ಕಡೆಯಿಂದ ತರಬೇಕು. 2000–2500 ಕೆಲ್ವಿನಿಗೆ ಇಳಿಯುವ ಚಿಕ್ಕ ಎಲ್‌ಇಡಿ, ಇಲ್ಲವೇ ಸಿಟಿಒ (ಕಿತ್ತಳೆ ಜೆಲ್) ಹಾಕಿದ 300 ವಾಟಿನ ಟಂಗ್‌ಸ್ಟನ್. ಅದು ದೀಪದ ದಿಕ್ಕಿನಲ್ಲೇ, ಫ್ರೇಮಿಗೆ ತಾಗಿಕೊಂಡು ಹೊರಗಿರಲಿ. ದೀಪ ನೆಲದಲ್ಲಿದೆಯೆಂದು ಅದನ್ನೂ ನೆಲಕ್ಕಿಟ್ಟರೆ ಮುಖ ಭೂತದಂತಾಗುತ್ತದೆ, ಗದ್ದದ ಮಟ್ಟಕ್ಕೆ ಏರಿಸಿ. ಎಲ್ಲರೂ ಮರೆಯುವ ವಿಷಯ ಒಂದಿದೆ: ನಿಮ್ಮ ದೀಪದ ಬೆಳಕು ಬುಡ್ಡಿದೀಪದ ಮೇಲೂ ಬಿದ್ದು, ಉರಿಯುವ ದೀಪದ್ದೇ ನೆರಳು ಗೋಡೆಯ ಮೇಲೆ ಕಾಣುತ್ತದೆ. ಬೆಳಗುವ ವಸ್ತುವಿನ ನೆರಳು ಕಂಡರೆ ಗುಟ್ಟು ಬಯಲಾಯಿತು. ಚಿಕ್ಕ ಕಟ್ಟರಿನಿಂದ ದೀಪದ ಮೇಲಿನ ಬೆಳಕನ್ನು ಕತ್ತರಿಸಿ. ಮಿಣುಕು ಬೇಕೆಂದರೆ ಬೆಳಕಿನ ನೂರರಲ್ಲಿ ಐದರಿಂದ ಹತ್ತು ಭಾಗ ಮಾತ್ರ ಏರಿಳಿಯಲಿ, ಗಾಳಿಯಿಲ್ಲದ ಕೋಣೆಯಲ್ಲಿ ಜ್ವಾಲೆ ಹೆಚ್ಚುಕಡಿಮೆ ಸ್ಥಿರವಾಗಿಯೇ ಇರುತ್ತದೆ.

ಜ್ವಾಲೆಯ ಮಾತು ಬಂತೆಂದು ಯಕ್ಷಗಾನದ ಕಡೆ ಸ್ವಲ್ಪ ಹೊರಳುತ್ತೇನೆ. ಆ ವೇಷಗಳ ಆಭರಣಕ್ಕೆ ಹಗುರ ಮರದ ಮೇಲೆ ಬೇಗಡೆ ಹಚ್ಚಿ, ಕನ್ನಡಿ ಚೂರು ಕೂರಿಸಿ ಮಾಡಿದ್ದು ದೊಂದಿಯ ಬೆಳಕಿಗೆಂದು. ಅಕ್ಕಪಕ್ಕದಲ್ಲಿ ಉರಿಯುವ ಚಿಕ್ಕ, ಅಲುಗುವ ಜ್ವಾಲೆ ಪ್ರತಿ ಹೆಜ್ಜೆಗೂ ಬೇರೆ ಚೂರಿನಲ್ಲಿ ಮಿಂಚುತ್ತದೆ. ಇವತ್ತಿನ ರಂಗದ ಸಮತಟ್ಟು ಬಿಳಿ ಬೆಳಕಿನಲ್ಲಿ ಆ ಚಿನ್ನ ಹಳದಿ ಕಾಗದದಂತೆ ಕಾಣುತ್ತದೆ. ಸಿನಿಮಾಕ್ಕಾಗಿ ವೇಷ ತೆಗೆಯುವವರು ಎರಡು ಪಕ್ಕದಲ್ಲಿ, ಎದೆಮಟ್ಟದಲ್ಲಿ, ಚಿಕ್ಕ ಗಡುಸು ಬೆಚ್ಚನೆ ದೀಪಗಳನ್ನು ಇಟ್ಟು ನೋಡಲೇಬೇಕು. ಮೇಲಿನ ಸಾಫ್ಟ್‌ಬಾಕ್ಸನ್ನು ಆರಿಸಿಯೇಬಿಡಿ.

ಹೊರಾಂಗಣದ್ದು ಚಿಕ್ಕದಾಗಿ ಹೇಳುತ್ತೇನೆ. ನಮ್ಮ ರಾಜ್ಯದ ಮೇಲೆ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಗೇ ಬರುತ್ತಾನೆ. ಬೆಂಗಳೂರು, ಮಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೇ ವಾರದ ಹೊತ್ತಿಗೆ ಹನ್ನೆರಡೂವರೆಯ ಆಸುಪಾಸು ಕಂಬಕ್ಕೆ ನೆರಳೇ ಇರುವುದಿಲ್ಲ. ಆ ಬೆಳಕಿನಲ್ಲಿ ಕಣ್ಣುಗಳು ಗುಳಿಯಾಗುತ್ತವೆ. ಹನ್ನೊಂದರಿಂದ ಮೂರರವರೆಗೆ ಒಳಾಂಗಣ ಇಟ್ಟುಕೊಳ್ಳಿ. ತೆಗೆಯಲೇಬೇಕಾದರೆ ತಲೆಯ ಮೇಲೆ 12×12 ಅಡಿಯ ಸ್ಕಿಮ್ಮರ್, ಪಕ್ಕದಿಂದ ಥರ್ಮಾಕೋಲಿನ ಬೌನ್ಸ್. ಸಂಜೆಯ ನೀಲಿ ಬೆಳಕಿಗೆ ನೆಚ್ಚಿಕೊಳ್ಳುವವರು ಇದನ್ನೂ ನೆನಪಿಡಿ: ಇಲ್ಲಿ ಸೂರ್ಯ ನೆಟ್ಟಗೆ ಮುಳುಗುವುದರಿಂದ ಮುಸ್ಸಂಜೆಗೆ ಇಪ್ಪತ್ತು ನಿಮಿಷ ಚಿಲ್ಲರೆ ಮಾತ್ರ ಆಯುಸ್ಸು. ಎರಡು ಶಾಟ್ ಯೋಜಿಸಿ, ನಾಲ್ಕಲ್ಲ.

ಕರೆಂಟಿನ ಲೆಕ್ಕ ಮಾಡದೆ ಇದಾವುದೂ ನಡೆಯುವುದಿಲ್ಲ. 230 ವೋಲ್ಟಿನಲ್ಲಿ 1000 ವಾಟಿನ ದೀಪ 4.3 ಆಂಪ್ ಎಳೆಯುತ್ತದೆ. ಮನೆಯ 5 ಆಂಪ್ ಸಾಕೆಟ್ಟಿಗೆ ಅದೊಂದೇ ಗರಿಷ್ಠ. 2000 ವಾಟಿನದ್ದಕ್ಕೆ 15 ಆಂಪಿನ ಪವರ್ ಪಾಯಿಂಟೇ ಬೇಕು, ಹಳೆಯ ಮನೆಯಲ್ಲಿ ಅಡುಗೆಮನೆಗೂ ಬಚ್ಚಲಿಗೂ ಸೇರಿ ಒಂದೇ ಫೇಸ್ ಇರಬಹುದು. ಮೊದಲು ಮೇನ್ ಬೋರ್ಡ್ ತೆರೆದು ಯಾವ ಸಾಕೆಟ್ ಯಾವ ಫ್ಯೂಸಿಗೆ ಎಂದು ಬರೆದುಕೊಳ್ಳಿ. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಲ್ಲೇ ಬಿಟ್ಟು ಲೋಡ್ ಹಾಕಿದರೆ ಬಿಸಿ ಹೊರಹೋಗದೆ ಒಳಗೊಳಗೇ ಕರಗುತ್ತದೆ, ಪೂರ್ತಿ ಬಿಚ್ಚಿ ಹಾಸಿ. ಅರ್ತಿಂಗ್ ಇಲ್ಲದ ಮನೆಯಲ್ಲಿ, ಮಳೆಯಲ್ಲಿ ತೋಯ್ದ ಅಂಗಳದಲ್ಲಿ ಎಚ್‌ಎಂಐ ನಿಲ್ಲಿಸಬೇಡಿ, ಜನರೇಟರ್ ತರಿಸಿ. ಎಚ್‌ಎಂಐಯನ್ನು ಶಾಟಿನ ನಡುನಡುವೆ ಆರಿಸಬೇಡಿ, ಬಿಸಿಯಾಗಿರುವಾಗ ಎಷ್ಟೋ ದೀಪಗಳು ಕೂಡಲೇ ಮತ್ತೆ ಹೊತ್ತುವುದಿಲ್ಲ. ಹ್ಯಾಲೊಜೆನ್ ಬಲ್ಬನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಎಣ್ಣೆ ಅಂಟಿದ ಜಾಗ ಹೆಚ್ಚು ಕಾದು ಗಾಜು ಒಡೆಯುತ್ತದೆ. ಲೈಟ್‌ಮ್ಯಾನ್‌ಗಳಿಗೆ ದಪ್ಪ ಕೈಗವಸು ಕೊಡಿಸುವುದು ಪ್ರೊಡಕ್ಷನ್ನಿನವರ ಕರ್ತವ್ಯ, ಅದನ್ನು ಕೇಳಿ ಪಡೆಯುವುದು ಛಾಯಾಗ್ರಾಹಕರ ಕರ್ತವ್ಯ.

ಕೊನೆಯದಾಗಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಸೆಟಪ್ಪಿಗೂ ಮೇಲಿನಿಂದ ನೋಡಿದಂತೆ ಕೋಣೆಯ ನಕ್ಷೆ, ಕಿಟಕಿಯಿಂದ ದೀಪಕ್ಕೆ ಎಷ್ಟು ಮೀಟರ್, ಎಷ್ಟು ಎತ್ತರ, ಯಾವ ಜೆಲ್, ಡಿಮ್ಮರ್ ಎಷ್ಟರಲ್ಲಿತ್ತು, ಮುಖದ ಎರಡೂ ಪಕ್ಕದ ಮೀಟರ್ ಓದು, ಕಪ್ಪು ಬಟ್ಟೆ ಎಲ್ಲಿತ್ತು. ಮಗಳ ಕ್ಲೋಸ್‌ಅಪ್ ಮೂರು ದಿನ ಬಿಟ್ಟು, ಬೆಳಿಗ್ಗೆ ಹತ್ತಕ್ಕೆ ತೆಗೆಯುವಂತಾದರೆ ಆ ಪುಟ ನೋಡಿಯೇ ಸಂಜೆ ನಾಲ್ಕರ ಕಿಟಕಿಯನ್ನು ಮತ್ತೆ ಕಟ್ಟಬಹುದು. ಕಿಟಕಿಗೆ ಅಂಟಿಸಿದ ಬಟರ್ ಪೇಪರನ್ನು ಶಾಟ್ ಓಕೆ ಆದ ತಕ್ಷಣ ಕಿತ್ತುಹಾಕಬೇಡಿ, ಸುತ್ತಿ ಚೀಟಿ ಅಂಟಿಸಿ ಇಡಿ. ಹೊಸ ಹಾಳೆಯ ದಪ್ಪ ಬೇರೆಯಾಗಿದ್ದರೆ ಬೆಳಕೂ ಬೇರೆಯಾಗುತ್ತದೆ.